ಮಸಿ ಹಿಡಿದ ಗಾಜು

ಸವಣೂರಿನ ನಮ್ಮ ಮನೆಯಲ್ಲಿ ಕಾಡಿಗೆ ಮಾಡುತ್ತಿದ್ದವಳು ನಾನೇ, ಹಚ್ಚಿಕೊಳ್ಳುವಂತಿಲ್ಲದವಳೂ ನಾನೇ. ಹದಿನಾಲ್ಕರಲ್ಲಿ ಗಂಡ ಸತ್ತು ತವರಿಗೆ ಬಂದವಳ ಕಣ್ಣಿಗೆ ಕಾಡಿಗೆ ಎಲ್ಲಿಯದು? ಔಡಲೆಣ್ಣೆಯ ದೀಪದ ಮೇಲೆ ತಾಟು ಹಿಡಿದು ನಾನು ಮಸಿ ಕೂಡಿಸುವುದನ್ನು ಕಂಡ ಅಣ್ಣ ಒಮ್ಮೆ ತಾಟಿನ ಬದಲು ಗಾಜಿನ ತುಂಡೊಂದನ್ನು ಕೈಗಿಟ್ಟ. ಅಲ್ಲಿಂದ ಶುರುವಾಯಿತು.

ಅಣ್ಣ ಧಾರವಾಡದಲ್ಲಿ ಕಾಲೇಜಿನ ಹುಡುಗರಿಗೆ ಜೀವಶಾಸ್ತ್ರ ಕಲಿಸುತ್ತಿದ್ದ. ಅವನ ವರ್ಗದಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ಇತ್ತು. ಅದರ ದೀಪದ ಮುಂದೆ ಗಾಜಿಟ್ಟರೆ ಗಾಜಿನ ಮೇಲಿನ ಚಿತ್ರ ಆಳೆತ್ತರವಾಗಿ ಗೋಡೆಗೆ ಬೀಳುತ್ತಿತ್ತಂತೆ. ಯುದ್ಧ ಶುರುವಾದ ಮೇಲೆ ವಿಲಾಯತಿಯಿಂದ ಬರುವ ಚಿತ್ರದ ಗಾಜುಗಳು ನಿಂತುಹೋದವು. ಮಸಿ ಹಿಡಿದ ಗಾಜನ್ನು ಸೂಜಿಯಿಂದ ಗೀರಿದರೆ ಆ ಗೆರೆಯಷ್ಟೇ ಗೋಡೆಯ ಮೇಲೆ ಬೆಳಕಾಗಿ ಮೂಡುತ್ತದೆಂದು ಅಣ್ಣ ಹೇಳಿದ. ಅಂಗಳದಲ್ಲಿ ರಂಗೋಲಿ ಹಾಕುವಂತಿಲ್ಲದ ನನ್ನ ಕೈಗೆ ಅದೇ ಹಬ್ಬವಾಯಿತು. ಅವನ ಪುಸ್ತಕ ನೋಡಿ ಎಲೆಯ ನರ ಗೀರಿದೆ, ಕಪ್ಪೆಯ ಹೊಟ್ಟೆ ಗೀರಿದೆ.

"ಮಡೀಲೆ ಕೂತು ಕಪ್ಪಿ ಕರಳು ಬರೀತಾಳಲ್ಲೋ!" ಎಂದು ಅವ್ವ ಹಣೆ ಚಚ್ಚಿಕೊಂಡಳು. ಮಗನ ಕೆಲಸವೆಂದು ಗೊತ್ತಾದ ಮೇಲೆ ಕಪ್ಪೆಯೂ ಮಡಿಯಾಯಿತು.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು ಆಗಬೇಕೆನ್ನುವುದೊಂದೇ ನನ್ನ ಆಸೆ. ಅಣ್ಣನೂ ಬೇಡವೆಂದವನಲ್ಲ.

"ಈ ಗಾಜು ಮುಗೀಲಿ, ನಾನಽ ಕರಕೊಂಡು ಹೋಗ್ತೇನಿ," ಎನ್ನುತ್ತಿದ್ದ.

ಮುಗಿಯಬೇಕಲ್ಲ! ಚಕ್ಕಡಿ ಯಲವಿಗಿ ಸ್ಟೇಶನ್ ಮುಟ್ಟುವಷ್ಟರಲ್ಲೇ ಅರ್ಧ ಮಸಿ ಅಳಿಸಿಹೋಗುತ್ತಿತ್ತು. ಕಾಲೇಜಿನ ಪ್ರತಿ ಸೂಟಿಯಲ್ಲಿ ಅಣ್ಣ ಊರಿಗೆ ಬಂದಾಗ ಬೋಳು ಗಾಜು ಮರಳಿ ಬರುತ್ತಿತ್ತು, ನಾನು ಅದೇ ಕಪ್ಪೆಯನ್ನು ಮತ್ತೆ ಗೀರುತ್ತಿದ್ದೆ. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಮಸಿಯ ಗಾಜಿನ ಅಂಚಿಗೆ ರಟ್ಟಿನ ಪಟ್ಟಿ ಇಟ್ಟು, ಮೇಲೆ ಇನ್ನೊಂದು ಗಾಜು ಮುಚ್ಚಿ, ಸುತ್ತಲೂ ಹಿಟ್ಟಿನ ಅಂಟಿನಿಂದ ಕಾಗದ ಮೆತ್ತಿದೆ. ಚಿತ್ರ ಉಳಿದರೆ ಕೆಲಸ ಮುಗಿಯುತ್ತದೆ, ಕೆಲಸ ಮುಗಿದರೆ ನಾನು ಹೊರಡುತ್ತೇನೆ ಎನ್ನುವುದು ನನ್ನ ಲೆಕ್ಕ.

ಮುಂದಿನ ಸೂಟಿಗೆ ಅಣ್ಣ ಕುಣಿಯುತ್ತ ಬಂದ. "ಒಂದು ಗೆರಿನೂ ಅಳಸಿಲ್ಲ ನೋಡು!" ಅವನ ಹಿಂದೆ ಗಾಡಿಯವನು ಹೊಸ ಪೆಟ್ಟಿಗೆಗಳನ್ನು ಇಳಿಸುತ್ತಿದ್ದ. ಇತಿಹಾಸದ ಪ್ರೊಫೆಸರರಿಗೆ ಕೋಟೆಗಳು ಬೇಕಂತೆ, ಭೂಗೋಳದವರಿಗೆ ನದಿಗಳು. "ದೊಡ್ಡವರು ಕೇಳಿದ್ರು. ಒಲ್ಲೆ ಅನ್ನಲಿಕ್ಕೆ ಆಗಲಿಲ್ಲ."

ಇರಲಾರದೆ ಇರುವೆ ಬಿಟ್ಟುಕೊಂಡಂತಾಯಿತು ನನ್ನ ಜಾಣತನ. ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಕುಳಿತು ಲೋಕದ ನದಿಗಳನ್ನೆಲ್ಲ ಸಮುದ್ರಕ್ಕೆ ಮುಟ್ಟಿಸಿದೆ. ನಾನು ಮಾತ್ರ ಯಲವಿಗಿಯ ರೈಲನ್ನೂ ನೋಡಲಿಲ್ಲ. ನನ್ನ ಒಂದು ಚಿತ್ರ ಗೋಡೆಯ ಮೇಲೆ ಬಿದ್ದದ್ದನ್ನೂ ಕಾಣಲಿಲ್ಲ. ಅಣ್ಣನ ಮೇಲೆ ಸಿಟ್ಟು ಬರುತ್ತಿತ್ತು, ಅವನ ಮುಖ ಕಂಡರೆ ಇಳಿಯುತ್ತಿತ್ತು.

ಅಣ್ಣನಿಗೆ ಮದುವೆಯಾಯಿತು, ಮನೆಗೆ ವೈನಿ ಬಂದಳು. ವೈನಿಯನ್ನು ಧಾರವಾಡಕ್ಕೆ ಕರೆದೊಯ್ಯುವ ಮಾತು ಬಂದಾಗ ನಾನು ಬಾಯಿಬಿಟ್ಟು ಕೇಳಿದೆ, "ಅಣ್ಣಾ, ನನ್ನೂ ಈ ವರ್ಷನರೆ ಟ್ರೇನಿಂಗಿಗೆ ಕರಕೊಂಡು ಹೋಗು."

"ನೀ ಓದಲಿಕ್ಕೆ ಕೂತರ ಗಾಜು ಯಾರು ಮಾಡಬೇಕವಾ?"

"ವೈನಿಗೆ ಕಲಸ್ತೇನಿ."

ಅಣ್ಣ ಒಪ್ಪಿದ. "ಕಲಸು. ಅಕಿ ಕಲತಳಂದ್ರ ನಿನ್ನ ಕೆಲಸ ತೀರ್ತು."

ಪಾಪ, ವೈನಿಯ ಗೆರೆ ಸೊಟ್ಟಗಾಗುತ್ತಿತ್ತು. "ನಿಮ್ಮ ಹಂಗ ನನಗ ಬರೂದಿಲ್ರಿ," ಎಂದು ಅಳುತ್ತಿದ್ದಳು. ನಾನು ಬಿಡಲಿಲ್ಲ. ಮುಂಗೈ ಹಿಡಿದು ಗೀರಿಸಿದೆ, ಗಾಜು ಒಡೆದಾಗ ಬೈಯಲಿಲ್ಲ. ಅವಳು ಗೀರಿದ ಹೃದಯದ ಚಿತ್ರವನ್ನು ಅಣ್ಣ ಬೆಳಕಿಗೆ ಹಿಡಿದು ತಲೆದೂಗಿದ ದಿನ ಅವಳಿಗಿಂತ ನಾನೇ ಹೆಚ್ಚು ಹಿಗ್ಗಿದೆ.

ಹೊರಡುವ ಬೆಳಿಗ್ಗೆ ಚಕ್ಕಡಿ ಬಾಗಿಲಿಗೆ ಬಂತು. ವೈನಿ ಹತ್ತಿ ಕುಳಿತಳು. ನನ್ನ ಬಟ್ಟೆಯ ಗಂಟು ಹಿಡಿದು ನಾನು ಕಟ್ಟೆಗೆ ಬಂದೆ. ಅಣ್ಣ ಗಂಟನ್ನು ನೋಡಿದ, ಬಾಗಿಲಲ್ಲಿ ನಿಂತ ಅವ್ವನನ್ನು ನೋಡಿದ.

"ಇನ್ನ ನೀ ಬಂದು ಏನ್ ಮಾಡ್ತೀ ಅಲ್ಲೆ?" ಎಂದ. "ಗಾಜಿಂದೆಲ್ಲಾ ಅಕಿನಽ ಮಾಡ್ತಾಳಲ್ಲ. ನೀ ಆರಾಮ ಇರು."

ಅವನ ದನಿಯಲ್ಲಿ ಮೋಸವಿರಲಿಲ್ಲ, ಟ್ರೇನಿಂಗಿನ ನೆನಪೂ ಇರಲಿಲ್ಲ. ತಂಗಿಯ ಹೊರೆ ಇಳಿಸಿದ ಸಮಾಧಾನವೇ ಇತ್ತು. ಗಾಡಿ ಹೊರಟಿತು. ಓಣಿಯವರು ನೋಡುವ ಮೊದಲು ಗಂಟನ್ನು ಒಳಗೆ ಒಯ್ದೆ.