ಪಾಲಯ್ಯ ನಿಲ್ಲಿಸಿದ ಮಾತ್ರೆ

ಬಿ.ದುರ್ಗದ ಪಾಲಯ್ಯನಿಗೆ ಗೊತ್ತಿಲ್ಲದ ಕುರಿರೋಗ ಇನ್ನೂ ಹುಟ್ಟಿಲ್ಲ ಎಂದು ಊರೇ ಹೇಳುತ್ತದೆ. ಅವನೂ ಅದನ್ನು ಅಲ್ಲಗಳೆದವನಲ್ಲ. ಮಂದೆಗೆಲ್ಲ ಜಂತುಹುಳದ ಔಷಧಿ ಕುಡಿಸುವ ದಿನ ಬಡಕಲು ಕುರಿಯನ್ನು ಮಾತ್ರ ಬೇರೆ ಕಟ್ಟುತ್ತಾನೆ. ಸೋತ ಕುರಿ ಔಷಧಿಯ ಕಾವು ತಡೆಯುವುದಿಲ್ಲ ಎಂದು ಅವನ ಅಪ್ಪ ಕಲಿಸಿದ್ದ.

ಮಗಳು ಚೈತ್ರಾ ನಾಲ್ಕನೇ ಕ್ಲಾಸು. ನೋಡಿದರೆ ಅಂಗನವಾಡಿಯ ಮಗು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹುಟ್ಟಿನಿಂದಲೇ ಸರಿಯಿಲ್ಲ. ದೇಹ ತಾನೇ ಮಾಡಿಕೊಳ್ಳಬೇಕಾದ ಹಾರ್ಮೋನನ್ನು ಅವಳಿಗೆ ಮಾತ್ರೆಯಲ್ಲಿ ಕೊಡಬೇಕು. ಬೆಳಿಗ್ಗೆ ಕುರಿ ಬಿಡುವ ಮುಂಚೆ ಅದನ್ನು ಕೊಡುವುದು ಪಾಲಯ್ಯನದೇ ಕೆಲಸ. ಆ ವಿಷಯದಲ್ಲಿ ಹೆಂಡತಿ ಮಮತಾಳನ್ನೂ ನಂಬುತ್ತಿರಲಿಲ್ಲ, ಮಹಾರಾಯ.

ಇಂಥ ಮಕ್ಕಳಲ್ಲಿ ಕೆಲವರಿಗೆ ಕಿಡ್ನಿಯಲ್ಲೂ ದೋಷವಿರುತ್ತದೆಂದು ಚಿತ್ರದುರ್ಗದ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು. ಚೈತ್ರಾಳಿಗೆ ಇದ್ದದ್ದು ಒಂದೇ ಕಿಡ್ನಿ.

"ಅದು ಚೆನ್ನಾಗಿ ಕೆಲಸ ಮಾಡ್ತಿದೆ. ಆಗಾಗ ನೋಡ್ತಾ ಇರೋಣ" ಎಂದರು.

ಪಾಲಯ್ಯನ ಕಿವಿಗೆ ಬಿದ್ದದ್ದು 'ಒಂದೇ' ಎಂಬುದಷ್ಟೆ. ಸೋತ ಕುರಿಗೇ ಔಷಧಿ ಕುಡಿಸದವನು, ಇರುವ ಒಂದರ ಮೇಲೆ ದಿನಾ ಮಾತ್ರೆಯ ಭಾರ ಹೊರಿಸುವುದೇ? ಮರುದಿನದಿಂದ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ಮಗಳ ಮೇಲಿನ ಪ್ರೀತಿಯಿಂದಲೇ ನಿಲ್ಲಿಸಿದ. ಹೊಟ್ಟೆ ಉರಿಸುವುದು ಅದೇ.

ಎರಡು ದಿನ ಕಳೆಯುವಷ್ಟರಲ್ಲಿ ಹುಡುಗಿ ವಾಂತಿ ಮಾಡಿಕೊಂಡು, ಕಣ್ಣು ತೆರೆಯಲಾರದೆ ಮಲಗಿಬಿಟ್ಟಳು.

"ಮಾತ್ರೆ ಕೊಟ್ಟೀಯೇನು?" ಮಮತಾ ಕೇಳಿದಳು.

"ಇರೋ ಕಿಡ್ನಿ ಉಳೀಲಿ ಅಂತ ನಿಲ್ಸೀನಿ."

"ಕಿಡ್ನಿ ಉಳಿಸ್ಕಂಡು ಮಗೀನ ಕಳ್ಕಂತೀಯೇನು? ಗಾಡಿ ತೆಗಿ, ಚಿತ್ರದುರ್ಗಕ್ಕೆ ಹೋಗಾಣ!"

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಡ್ರಿಪ್ ಹಾಕಿದ ಮೇಲೆ ಸಂಜೆಗೆ ಚೈತ್ರಾ ಎದ್ದು ಕೂತು ಇಡ್ಲಿ ಕೇಳಿದಳು. ಪಾಲಯ್ಯ ಗೋಡೆಗೆ ಒರಗಿ ಅತ್ತುಬಿಟ್ಟ. ಡಾಕ್ಟರಮ್ಮ ಬೈಯಲಿಲ್ಲ.

"ಆ ಮಾತ್ರೆ ಕಿಡ್ನಿಗೆ ಭಾರ ಅಲ್ಲ. ಅದಿಲ್ದೆ ಇವಳ ಜೀವ ನಡೆಯಲ್ಲ" ಎಂದರು. ಆಮೇಲೆ ಅವನನ್ನು ಬಿಟ್ಟು ಚೈತ್ರಾಳ ಕಡೆ ತಿರುಗಿ ಎಲ್ಲ ಬಿಡಿಸಿ ಹೇಳಿದರು. ಒಂದು ದಿನವೂ ತಪ್ಪಬಾರದು, ಜ್ವರ ಬಂದರೆ ಹೆಚ್ಚು ಬೇಕು, ತಕ್ಷಣ ಫೋನ್ ಮಾಡಿಸು ಎಂದರು. ಹುಡುಗಿ ದೊಡ್ಡವಳ ಹಾಗೆ ತಲೆಯಾಡಿಸಿದಳು.

ಊರಿಗೆ ಬಂದ ಮೇಲೆ ಬೆಳಿಗ್ಗೆ ಪಾಲಯ್ಯ ಮಾತ್ರೆಯನ್ನೂ ನೀರಿನ ಲೋಟವನ್ನೂ ಹಿಡಿದು ಬಂದ. ಚೈತ್ರಾ ಮಾತ್ರೆಯ ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ಇನ್ಮೇಲೆ ಇದು ನನ್ ಹತ್ರನೇ ಇರ್ಲಿ ಅಪ್ಪ. ನೀನು ನೀರು ಕೊಡು ಸಾಕು."

ಪಾಲಯ್ಯನ ಎದೆಗೆ ನಾಟಿತು. ಲೋಟ ಮುಂದೆ ಚಾಚಿ, ಅವಳು ನುಂಗುವವರೆಗೂ ನಿಂತಿದ್ದ.