ಹೊಲಿಗೆ ನಿಲ್ಲಲೆಂದು ಹೊತ್ತ ಹರಕೆ

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಕಳೆ ಹೊಡೆಯುವ ಮೆಷಿನ್ ರಿಪೇರಿ ಅಂಗಡಿ. ಬಂದವರೆಲ್ಲ ಆಯಿಲ್ ಸರಿಯಾಗೇ ಹಾಕಿದ್ದೆ ಅನ್ನುತ್ತಾರೆ. ಬಿಚ್ಚಿ ನೋಡಿದರೆ ಪಿಸ್ಟನ್ ಒಣಗಿ ಗೀರು ಬಿದ್ದಿರುತ್ತದೆ. ಇದನ್ನೇ ನೋಡಿ ನೋಡಿ ಯಾರ ಬಾಯಿಮಾತನ್ನೂ ನಂಬದ ಮನುಷ್ಯನಾಗಿಬಿಟ್ಟಿದ್ದೇನೆ. ಹೆಂಡತಿಯನ್ನೂ ಬಿಡಲಿಲ್ಲ.

ಅವಳ ಕರುಳಿನಲ್ಲಿ ಗಡ್ಡೆ ಇತ್ತು. ಶಿವಮೊಗ್ಗದ ಡಾಕ್ಟರು ಕಾಗದದ ಮೇಲೆ ಗೀಟು ಹಾಕಿ ತೋರಿಸಿದರು: ಇಷ್ಟು ಕತ್ತರಿಸಿ, ಎರಡು ತುದಿ ಸೇರಿಸಿ ಹೊಲಿಯಬೇಕು. ಹೊಲಿಯುವುದು ದೊಡ್ಡದಲ್ಲ, ಅದು ಕೂಡಿಕೊಳ್ಳಬೇಕು. ಹೊಗೆಸೊಪ್ಪು ಹಾಕುವವರಿಗೆ, ಸಕ್ಕರೆ ಕಾಯಿಲೆ ಏರಿದವರಿಗೆ, ಗಂಟುನೋವಿಗೆಂದು ಸ್ಟೀರಾಯ್ಡ್ ಮಾತ್ರೆ ನುಂಗುವವರಿಗೆ, ಮೈಯಲ್ಲಿ ರಕ್ತ, ಪ್ರೋಟೀನು ಕಡಿಮೆ ಇರುವವರಿಗೆ ಹೊಲಿಗೆ ಬಿಟ್ಟು ಹೊಟ್ಟೆಯೊಳಗೆಲ್ಲ ಸೋರುವ ಅಪಾಯ ಹೆಚ್ಚಂತೆ. ಸೋರಿದರೆ ಜೀವಕ್ಕೇ ಸಂಚಕಾರ. ಇವಳಿಗೆ ಸಕ್ಕರೆ ಇಲ್ಲ, ಮಾತ್ರೆ ಇಲ್ಲ. ಎಲೆಯಡಿಕೆ ಜೊತೆ ಹೊಗೆಸೊಪ್ಪು ಮಾತ್ರ ಇತ್ತು, ಕಡಹಿನಬೈಲಿನ ತವರಿನಿಂದ ಬಂದ ಅಭ್ಯಾಸ. ತೂಕವೂ ಇಳಿದಿತ್ತು. ಹೊಗೆಸೊಪ್ಪು ಬಿಡಿ, ಚೆನ್ನಾಗಿ ತಿಂದು ಮೈ ಹಿಡಿಸಿಕೊಂಡು ಬನ್ನಿ, ತೀರಾ ತಡ ಮಾಡುವ ಹಾಗೂ ಇಲ್ಲ ಎಂದರು.

ಮನೆಗೆ ಬಂದವನೇ ಎಲೆ ತಟ್ಟೆಯನ್ನು ಅಟ್ಟಕ್ಕೆ ಹಾಕಿದೆ. ಸಂಜೆ ಅಂಗಡಿಯಿಂದ ಬಂದ ಕೂಡಲೇ ಅವಳನ್ನು ನಿಲ್ಲಿಸಿ ಬಾಯಿ ತೆಗೆಸಿ ಮೂಸುವುದು ಪದ್ಧತಿಯಾಯಿತು. ಏಲಕ್ಕಿ ವಾಸನೆ ಬಂದರೆ ಮತ್ತೂ ಅನುಮಾನ, ಏನು ಮುಚ್ಚಲಿಕ್ಕೆ ಈ ಏಲಕ್ಕಿ? ಸೆರಗಿನ ಗಂಟು, ಸಾಸಿವೆ ಡಬ್ಬ ಏನನ್ನೂ ಬಿಡಲಿಲ್ಲ. ತವರಿನಿಂದ ಯಾರೇ ಬಂದರೂ ಅವರ ಚೀಲ ತಡವಿದೆ. ಒಂದು ಚೂರು ಹೊಗೆಸೊಪ್ಪೂ ಸಿಗಲಿಲ್ಲ. ಆದರೆ ಮುಂದಿನ ಸಲ ಹೋದಾಗ ತೂಕ ಇನ್ನೂ ಇಳಿದಿತ್ತು. ಹೆಂಡತಿಗೆ ಅನ್ನ ಹಾಕದವನು ಇವನು ಅನ್ನುವ ಹಾಗೆ ಡಾಕ್ಟರು ನನ್ನನ್ನು ನೋಡಿದರು. ಮೈಯೆಲ್ಲ ಉರಿದುಹೋಯಿತು. ಹಾಲು, ಹೆಸರುಕಾಳು, ಕಡಲೆ, ಪನೀರು ಎಲ್ಲ ತಂದು ಸುರಿದಿದ್ದೆನಲ್ಲ!

ನಮ್ಮಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಕೂರುವುದು. ಅವಳು ರಾತ್ರಿ ಉಂಡದ್ದನ್ನು ನಾನು ಕಣ್ಣಾರೆ ಕಂಡವನೇ ಅಲ್ಲ. ಅದು ಹೊಳೆದದ್ದು ಪಕ್ಕದ ಮನೆಯಾಕೆಯಿಂದ. ಪಾತ್ರೆ ವಾಪಸು ಕೊಡಲು ಬಂದವರು, ನಿಮ್ಮನೆ ಹೆಸರುಕಾಳಿನ ಪಲ್ಯ ತಿಂದು ನಮ್ಮ ನಾಯಿ ದಪ್ಪಗಾಗಿದೆ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅವತ್ತು ರಾತ್ರಿ ಎರಡು ತಟ್ಟೆ ಇಟ್ಟುಕೊಂಡು ಕೂತೆ. ನನ್ನೆದುರಿಗೇ ಉಣ್ಣು ಎಂದೆ. ಅವಳು ಕೈ ಮುಂದೆ ಮಾಡಲಿಲ್ಲ.

"ಒಪ್ಪತ್ತು ಹಿಡ್ದಿದೀನಿ. ಹೊಲಿಗೆ ಕೂಡೋ ತನಕ ಒಂದೇ ಹೊತ್ತು ಉಣ್ತೀನಿ ಅಂತ ಶಿವನಿಗೆ ಹೇಳ್ಕೊಂಡಿದೀನಿ."

ಅಯ್ಯೋ ಶಿವನೇ! ಹೊಲಿಗೆ ನಿಲ್ಲಬೇಕಾದರೆ ತಿನ್ನು ಅಂದರೆ, ಹೊಲಿಗೆ ನಿಲ್ಲಲಿ ಅಂತಲೇ ಉಪವಾಸ. ಬಾಯಿಗೆ ಬಂದ ಹಾಗೆ ಕೂಗಾಡಿದೆ. ಹೊತ್ತ ಹರಕೆ ಅರ್ಧಕ್ಕೆ ಬಿಟ್ಟರೆ ಆಪರೇಷನ್ ಟೇಬಲ್ಲಿಂದ ಎದ್ದು ಬರುವುದಿಲ್ಲ ಎಂದು ಅವಳದು ಒಂದೇ ಹಟ. ಕೊನೆಗೆ ಬಾಳೆಹೊನ್ನೂರು ಕಡೆಯಿಂದ ನಮ್ಮಲ್ಲಿಗೆ ಪೂಜೆಗೆ ಬರುವ ಅಯ್ಯನವರನ್ನು ಕರೆಸಿದೆ. ಹೆಂಡತಿಯ ಹರಕೆಯನ್ನು ಗಂಡ ಹೊರಬಹುದು, ಆದರೆ ಕಳ್ಳಾಟ ಕೂಡದು ಎಂದರು. ಅಂದಿನಿಂದ ಮಧ್ಯಾಹ್ನ ಒಂದೇ ಊಟ ನನ್ನ ಪಾಲಿಗೆ ಬಂತು.

ಅನುಮಾನ ಅವಳ ಪಾಲಿಗೆ ಹೋಯಿತು. ಎರಡು ಹೊತ್ತೂ ಉಣ್ಣುತ್ತಿದ್ದಳು, ಕಣ್ಣು ಮಾತ್ರ ನನ್ನ ಮೇಲೆ. ಅಂಗಡಿ ಪಕ್ಕದ ಹೋಟೆಲಿಗೆ ಫೋನು ಮಾಡಿ, ನಮ್ಮನೆಯವರು ಸಂಜೆ ಗೋಳಿಬಜೆ ತಿಂದರಾ ಎಂದು ಕೇಳಿದಳಂತೆ. ಮಾನ ಹೋಯಿತು, ಅವಳ ತೂಕ ಏರಿತು.

ಆಪರೇಷನ್ ಆಯಿತು. ಡಾಕ್ಟರು ಅವಳ ಜ್ವರ, ನಾಡಿ, ಹೊಟ್ಟೆಗೆ ಹಾಕಿದ ನಳಿಗೆಯಲ್ಲಿ ಇಳಿಯುವ ನೀರಿನ ಬಣ್ಣ ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ. ಅವರು ಸುಮ್ಮನಿದ್ದರೂ ಭಯ, ನಕ್ಕರೂ ಏನೋ ಮುಚ್ಚಿಡುತ್ತಿದ್ದಾರೆಂಬ ಭಯ. ಕಡೆಗೊಂದು ಬೆಳಿಗ್ಗೆ, ಸೋರುವ ಲಕ್ಷಣ ಇಲ್ಲ, ಹೊಲಿಗೆ ಕೂಡಿದೆ, ಗಂಜಿ ಕೊಡಿ ಎಂದರು. ಚಮಚ ತುಟಿಯ ಹತ್ತಿರ ಹಿಡಿದೆ. ಅವಳು ಮುಖ ತಿರುಗಿಸಿದಳು.

"ಮೊದ್ಲು ನೀವು ಬಾಯಿ ತೆಗೀರಿ."

ವಾರ್ಡಿನಲ್ಲಿ ಎಲ್ಲರೂ ನೋಡುತ್ತಿದ್ದರು. ಬಗ್ಗಿ ಬಾಯಿ ತೆಗೆದೆ. ನಾನು ಅವಳನ್ನು ಮೂಸುತ್ತಿದ್ದ ಹಾಗೆಯೇ ಮೂಸಿದಳು.

"ಹಸಿದ ಬಾಯಿ, ನಾರ್ತಾ ಇದೆ. ನೀವು ಕದ್ದು ತಿಂತಿದೀರಿ ಅಂತಲೇ ತಿಳ್ಕೊಂಡಿದ್ದೆ ಕಣ್ರೀ" ಎಂದಳು, ಹೇಳುತ್ತಲೇ ಅತ್ತಳು.

ಅಳಬೇಡ ಮಾರಾಯ್ತಿ, ಹೊಲಿಗೆ ನೋಯುತ್ತದೆ ಎಂದೆ. ಅವಳು ಹೊಟ್ಟೆ ಒತ್ತಿ ಹಿಡಿದುಕೊಂಡೇ ಅತ್ತಳು, ಆಮೇಲೆ ಬಾಯಿ ತೆಗೆದಳು.