ರುಚಿ ನೋಡುವ ಚಮಚದ ತೂಕ

ಬೆಳಗಿನ ನಾಲ್ಕೂಮುಕ್ಕಾಲು. ತೂರುನ್ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು ಎಡಗಾಲಿನ ಬೂಟು, ಕಾಲುಚೀಲ ಎರಡನ್ನೂ ಕಳಚಿದ್ದಾರೆ. ಕೈಯಲ್ಲಿ ಅಂಗೈಯಗಲದ ಕನ್ನಡಿ. ಅದನ್ನು ಪಾದದ ಕೆಳಗೆ ಹಿಡಿದು, ಹೆಬ್ಬೆರಳಿನ ಬುಡದಿಂದ ಹಿಮ್ಮಡಿಯವರೆಗೆ ನಿಧಾನವಾಗಿ ನೋಡುತ್ತಾರೆ. ಬೆಟ್ಟದ ನೆತ್ತಿಗೆ ಬೆಳಕು ಬಂದಿದೆ. ಹುಲ್ಲಿನ ಮೇಲೆ ಇಬ್ಬನಿ ದಪ್ಪವಾಗಿ ಕೂತಿದೆ. ಒಳಗೆ ನಲವತ್ತೆರಡು ಆಡುಗಳು ಹಲಗೆಗೆ ಕೊಂಬು ತಿಕ್ಕುತ್ತ ಗದ್ದಲ ಎಬ್ಬಿಸಿವೆ.

“ತಡೀರೇ, ತಡೀರಿ. ಮೊದಲು ನನ್ನ ಕಾಲು, ಆಮೇಲೆ ನಿಮ್ಮ ಕೆಚ್ಚಲು,” ಎಂದು ಬಾಗಿಲಿನ ಕಡೆ ಕೂಗುತ್ತಾರೆ.

ಕಾಲಾದ ಮೇಲೆ ಬೆರಳು. ಸಣ್ಣ ಚುಚ್ಚು, ಒಂದು ಹನಿ ರಕ್ತ, ಅಂಗೈಯೊಳಗಿನ ಯಂತ್ರದಲ್ಲಿ ಅಂಕಿ: ಏಳೂವರೆ. ನಮ್ಮ ಕಡೆಯ ಅಳತೆಯಲ್ಲಿ ಮಧುಮೇಹದವರಿಗೆ ಏಳರ ಆಸುಪಾಸು ಎಂದರೆ ನೆಮ್ಮದಿ, ಹತ್ತು ದಾಟಿದರೆ ಚಿಂತೆ, ನಾಲ್ಕರ ಕೆಳಗೆ ಇಳಿದರೆ ಅಪಾಯ. ಮೊಳೆಗೆ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ಏಳೂವರೆ ಎಂದು ಬರೆದು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಹಾಲು ಕರೆಯಲು ಒಳಗೆ ಹೋಗುತ್ತಾರೆ.

ಇವತ್ತು ಆಗಸ್ಟ್ ಹದಿನಾಲ್ಕು. ಇವರ ಬಗ್ಗೆ ಬರೆಯಲೆಂದು ನಾನೂ ಇಲ್ಲಿದ್ದೇನೆ. ಈ ನೋಟ್‌ಬುಕ್ ನೋಡಲು ಊರಿನ ನರ್ಸ್ ಇಡುನ್ ಹನ್ನೊಂದು ಗಂಟೆಗೆ ಬರುತ್ತಾರೆ. ಅವರನ್ನು ಕರೆದುಕೊಂಡು ಬರುವುದು ತೂರುನ್ ಅವರ ಗಂಡ ಎಂಬ್ರಿಕ್, ಆಡು ಸಾಗಿಸುವ ಲಾರಿಯಲ್ಲಿ. ಅಂಕಿಗಳು ಕೆಟ್ಟಿದ್ದರೆ, ಹೋದ ವರ್ಷದ ಕಾಲಿನ ಹುಣ್ಣು ಮತ್ತೆ ಬಾಯಿ ಬಿಟ್ಟಿದ್ದರೆ, ಅದೇ ಲಾರಿಯಲ್ಲಿ ಆಡುಗಳು ಇವತ್ತೇ ಕೆಳಗಿಳಿಯುತ್ತವೆ. ಕೊಳ್ಳುವವರು ಗೊತ್ತಾಗಿದ್ದಾರೆ. ಜೂನ್ ತಿಂಗಳಲ್ಲಿ ಬೆಟ್ಟ ಹತ್ತುವ ಮೊದಲೇ ಗಂಡ ಹೆಂಡತಿ ಹಾಗೆಂದು ಒಪ್ಪಿಕೊಂಡಿದ್ದಾರೆ.

ಹಾಲಿಂಗ್‌ಡಾಲ್ ಕಣಿವೆಯ ಮೇಲೆ, ಮರಗಳು ಮುಗಿದು ಬರೀ ಹುಲ್ಲು ಕಲ್ಲು ಉಳಿಯುವಲ್ಲಿ, ಹೆಲ್ಲೆಸ್ಟೋಲ್ ಎಂಬ ಈ ಬೇಸಿಗೆ ದೊಡ್ಡಿ ಇದೆ. ತೂರುನ್ ಅವರಿಗೆ ಐವತ್ತೆಂಟು ವರ್ಷ. ಮೂವತ್ತೊಂದು ಬೇಸಿಗೆ ಇಲ್ಲಿ ಕಳೆದಿದ್ದಾರೆ. ಹುಲ್ಲು ಕೊಯ್ಲಿಗಾಗಿ ಎಂಬ್ರಿಕ್ ಕೆಳಗೇ ಇರುವುದರಿಂದ ವಾರದ ಆರು ದಿನ ಇವರೊಬ್ಬರೇ. ದಿನಕ್ಕೆ ತೊಂಬತ್ತೈದು ಲೀಟರ್ ಹಾಲು. ಅದಕ್ಕೆ ಹೆಪ್ಪು ಹಾಕಿ ಗಟ್ಟಿಯನ್ನು ಬಿಳಿ ಚೀಸ್ ಮಾಡುತ್ತಾರೆ. ಉಳಿದ ತಿಳಿನೀರನ್ನು ಕೊಪ್ಪರಿಗೆಗೆ ಸುರಿದು, ಸ್ವಲ್ಪ ಕೆನೆ ಸೇರಿಸಿ, ಒಂಬತ್ತು ಗಂಟೆ ಕಾಯಿಸಿದರೆ ಎಂಟು ಕಿಲೋ ಕಂದು ಚೀಸ್. ನಮ್ಮೂರಿನ ಅಂಗಡಿಯಲ್ಲಿ ಅದನ್ನು ಕೊಳ್ಳುವವರಿಗೆ ಕಾಗದದ ಮೇಲಿನ ಆಡಿನ ಚಿತ್ರ ಗೊತ್ತು, ತೂರುನ್ ಗೊತ್ತಿಲ್ಲ.

ಮಧುಮೇಹ ಬಂದು ಹನ್ನೊಂದು ವರ್ಷ. ಮೊದಲು ಮಾತ್ರೆ, ಆಮೇಲೆ ಎರಡು ಹೊತ್ತು ಇನ್ಸುಲಿನ್. “ಸಕ್ಕರೆ ಬಿಟ್ಟೆ, ಜಾಮ್ ಬಿಟ್ಟೆ, ಕ್ರಿಸ್ಮಸ್ಸಿನ ಏಳು ತರದ ಬಿಸ್ಕತ್ತು ಮಾಡಿ ಬೇರೆಯವರಿಗೆ ಹಂಚಿದೆ. ಚೀಸ್ ಮಾತ್ರ ಬಿಡ್ಲಿಲ್ಲ. ಚೀಸ್‌ನಲ್ಲಿ ಏನಿದೆ, ಹಾಲು ತಾನೇ ಅಂದ್ಕೊಂಡಿದ್ದೆ,” ಎನ್ನುತ್ತಾರೆ, ಕೊಪ್ಪರಿಗೆಯ ಕೆಳಗೆ ಸೌದೆ ಸರಿಸುತ್ತ.

ಬಿಳಿ ಚೀಸ್‌ನಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಹಾಲಿನೊಳಗಿನ ಸಿಹಿಯೆಲ್ಲ ತಿಳಿನೀರಿಗೆ ಇಳಿದುಹೋಗಿರುತ್ತದೆ. ಆ ತಿಳಿನೀರನ್ನೇ ಬತ್ತಿಸಿ ಮಾಡುವ ಕಂದು ಚೀಸ್‌ನಲ್ಲಿ ನೂರು ಗ್ರಾಮಿಗೆ ನಲವತ್ತು ಗ್ರಾಮಿನಷ್ಟು ಸಿಹಿಯೇ ಇದೆ. ಎರಡಕ್ಕೂ ನಾವು ಚೀಸ್ ಎಂದೇ ಹೇಳುತ್ತೇವೆ, ಒಂದೇ ತಟ್ಟೆಯಲ್ಲಿಡುತ್ತೇವೆ, ಒಂದೇ ಚಾಕುವಿನಿಂದ ಹೆರೆಯುತ್ತೇವೆ.

ಹೋದ ವರ್ಷ ಜುಲೈನಲ್ಲಿ ತೂರುನ್ ಅವರ ಅಂಗಾಲಿನಲ್ಲಿ ಹುಣ್ಣಾಯಿತು. ಬೂಟು ಒತ್ತಿದ್ದು, ಕಾಲಿಗೆ ಗೊತ್ತೇ ಆಗಲಿಲ್ಲ. ಅಂಕಿ ಹದಿನಾರಕ್ಕೆ ಏರಿತ್ತು. ಹಾಲಿನ ಪದಾರ್ಥಗಳನ್ನು ಅಳೆದು ತಿನ್ನಬೇಕು ಎಂದು ಡಾಕ್ಟರು ಹೇಳಿದರೆ, ಇವರು ಹಟಕ್ಕೆ ಬಿದ್ದು ಒಂದೇ ದಿನಕ್ಕೆ ಎಲ್ಲವನ್ನೂ ಬಿಟ್ಟರು. ಹಾಲಿಲ್ಲ, ಮಜ್ಜಿಗೆಯಿಲ್ಲ, ಬಿಳಿಯದೂ ಇಲ್ಲ, ಕಂದೂ ಇಲ್ಲ. ಒಣ ರೊಟ್ಟಿ, ಕಪ್ಪು ಕಾಫಿ. ಇನ್ಸುಲಿನ್ ಮಾತ್ರ ಮೊದಲಿನಷ್ಟೇ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಭಾನುವಾರ, ಸೌದೆ ನೆನೆದಿದ್ದರಿಂದ ಕೊಪ್ಪರಿಗೆ ಹಚ್ಚಲಿಲ್ಲ. ಮಧ್ಯಾಹ್ನ ಎಂಬ್ರಿಕ್ ಬಂದಾಗ ಹೆಂಡತಿ ಕೊಟ್ಟಿಗೆಯ ನೆಲದಲ್ಲಿ ಬೆವೆತು ಬಿದ್ದಿದ್ದರು. ಮಾತು ತೊದಲುತ್ತಿತ್ತು.

“ನನ್ನನ್ನೇ ನೋಡಿ ‘ಯಾರಪ್ಪಾ ನೀನು’ ಅಂದ್ಲು,” ಎಂದು ಎಂಬ್ರಿಕ್ ಆಮೇಲೆ ನನಗೆ ಹೇಳಿದರು. “ಚೀಲದಲ್ಲಿ ಹಣ್ಣಿನ ರಸ ಇತ್ತು, ಕುಡಿಸ್ದೆ. ಇಲ್ದಿದ್ರೆ?”

ಎರಡೇ ದಿನದಲ್ಲಿ ದೊಡ್ಡಿಗೆ ಬೀಗ ಬಿತ್ತು. ಅರ್ಧ ಬೇಸಿಗೆ ಹೋಯಿತು. ಹುಣ್ಣು ಚಳಿಗಾಲವಿಡೀ ಮಾಯಲಿಲ್ಲ.

ಭಾನುವಾರವೇ ಏಕೆ ಬಿದ್ದರು? ಚಳಿಗಾಲದುದ್ದಕ್ಕೂ ಯಾರಿಗೂ ಹೊಳೆಯದ ಇದನ್ನು ಹುಡುಕಿದ್ದು ಇಡುನ್. ಹೋದ ಬೇಸಿಗೆಯಲ್ಲಿ, ಬಾಯಿಗೆ ಹೋಗುವುದನ್ನೆಲ್ಲ ಬರೆ ಎಂದು ಅವರು ಕೊಟ್ಟಿದ್ದ ಪಟ್ಟಿಯನ್ನು ತೂರುನ್ ಪ್ರಾಮಾಣಿಕವಾಗಿಯೇ ತುಂಬಿದ್ದರು. ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. ಈ ಜೂನ್‌ನಲ್ಲಿ ಇಡುನ್ ರಜೆ ಹಾಕಿ ಮೇಲೆ ಬಂದು, ಒಂದು ಇಡೀ ದಿನ ಕೊಪ್ಪರಿಗೆಯ ಪಕ್ಕ ಕೂತರು. ಏಳು ಗಂಟೆಗೆ ತೂರುನ್ ಚಮಚ ಅದ್ದಿ ನೆಕ್ಕಿದ್ದನ್ನು ನೋಡಿದರು. ಕಾಲು ಗಂಟೆ ಬಿಟ್ಟು ತೂರುನ್ ಮತ್ತೆ ನೆಕ್ಕಿದರು.

“ಏನು ಮಾಡ್ತಿದ್ದೀಯ?”

“ಪಾಕ ನೋಡ್ತಿದ್ದೀನಿ.”

“ತಿಂತಿದ್ದೀಯ.”

“ತಿಂತಿಲ್ಲ ಕಣೇ, ರುಚಿ ನೋಡ್ತಿದ್ದೀನಿ. ನಮ್ಮತ್ತೆ ಹೇಳಿಕೊಟ್ಟಿದ್ದು ಹಾಗೆ. ರುಚಿ ನೋಡೋದನ್ನ ಯಾರಾದ್ರೂ ಊಟ ಅಂತಾರಾ?”

ಇಡುನ್ ವಾದ ಮಾಡಲಿಲ್ಲ. ಒಂದು ಬಟ್ಟಲು ತಂದಿಟ್ಟರು. “ಒಂದು ಚಮಚ ಬಾಯಿಗೆ ಹಾಕಿದ್ರೆ, ಅಷ್ಟೇ ಇನ್ನೊಂದು ಇದಕ್ಕೆ ಹಾಕು,” ಎಂದರು. ಸಂಜೆ ನಾಲ್ಕಕ್ಕೆ ಕೊಪ್ಪರಿಗೆ ಇಳಿಸುವಾಗ ಬಟ್ಟಲು ತುಂಬಿ ಅಂಚಿಗೆ ಬಂದಿತ್ತು. ಮೂವತ್ತೊಂದು ಚಮಚ. ಮೊದಲಿನವು ನೀರಿನಂತೆ, ಕೊನೆಯ ಹನ್ನೆರಡು ಬೆಲ್ಲದ ಪಾಕದಂತೆ. ತಕ್ಕಡಿಯಲ್ಲಿಟ್ಟು, ಅಂದಾಜು ಲೆಕ್ಕ ಹಾಕಿ ಇಡುನ್ ಹೇಳಿದ್ದು: ಅದರಲ್ಲಿರುವ ಸಿಹಿ ಹತ್ತೊಂಬತ್ತು ಟೀ ಚಮಚ ಸಕ್ಕರೆಗೆ ಸಮ.

“ಆ ಬಟ್ಟಲನ್ನ ನೋಡಿ ನಾಚಿಕೆ ಆಯ್ತು,” ಎನ್ನುತ್ತಾರೆ ತೂರುನ್. “ಯಾರೋ ನನ್ನ ಬಾಯೊಳಗಿಂದ ತೆಗೆದಿಟ್ಟ ಹಾಗಿತ್ತು. ಹನ್ನೊಂದು ವರ್ಷದಿಂದ ಬಿಸ್ಕತ್ತಿನ ಮುಂದೆ ಬಾಯಿ ಕಟ್ಟಿದವಳು ನಾನು!”

ಕೊಪ್ಪರಿಗೆ ಹಚ್ಚಿದ ದಿನ ಚಮಚದ ಸಿಹಿ ಇನ್ಸುಲಿನ್ನಿಗೆ ಎದುರು ನಿಲ್ಲುತ್ತಿತ್ತು. ಹಚ್ಚದ ಭಾನುವಾರ ಎದುರು ನಿಲ್ಲಲು ಏನೂ ಇರಲಿಲ್ಲ.

ಅಲ್ಲಿಂದ ಹೊಸ ಪಾಠ ಶುರುವಾಯಿತು. ತೂರುನ್ ಈಗ ಹಾಲಿನದ್ದೇನನ್ನೂ ಬಿಟ್ಟಿಲ್ಲ. ಬೆಳಗಿನ ತಿಂಡಿಗೆ ಎರಡು ತೆಳು ಒಣ ರೊಟ್ಟಿ, ಮೇಲೆ ಬಿಳಿ ಚೀಸ್ ದಪ್ಪಗೆ, ಕಂದು ಚೀಸ್ ಹೆರೆದ ಒಂದೇ ಪದರ, ಹತ್ತು ಗ್ರಾಂ. ಹುಳಿ ಹಾಲು ಒಂದು ಲೋಟ, ಅದರ ಸಿಹಿಯೂ ಪಟ್ಟಿಯಲ್ಲಿದೆ. ಬೆಟ್ಟ ಹತ್ತಿ ಬಂದವರಿಗೆ ಹುಳಿ ಕೆನೆಯ ಗಂಜಿ ಬಡಿಸದೆ ಕಳಿಸುವ ಹಾಗಿಲ್ಲ, ಜೊತೆಗೆ ಕೂತು ಉಣ್ಣದಿದ್ದರೆ ಬಂದವರಿಗೆ ಅವಮಾನ. ಅಂಥ ದಿನ ಇವರದು ಅರ್ಧ ಬಟ್ಟಲು, ರಾತ್ರಿ ಆಲೂಗಡ್ಡೆ ಇಲ್ಲ. ಇನ್ಸುಲಿನ್ ಎಷ್ಟೆಂದು ಡಾಕ್ಟರು ಹೊಸದಾಗಿ ಗೊತ್ತುಮಾಡಿದ್ದಾರೆ. ಜೇಬಿನಲ್ಲಿ ಸದಾ ಗ್ಲೂಕೋಸ್ ಮಾತ್ರೆ ಇರುತ್ತದೆ.

ಕಷ್ಟವಾದದ್ದು ತಟ್ಟೆಯಲ್ಲ, ಚಮಚ. ನಾಲಿಗೆಯಿಲ್ಲದೆ ಪಾಕ ನೋಡುವುದು ಹೇಗೆ? ಜೂನ್ ಕೊನೆ, ಜುಲೈ ಪೂರ್ತಿ ಹದಿನಾರು ಅಚ್ಚು ಕೆಟ್ಟವು. ಕೆಲವು ಬೇಗ ಇಳಿಸಿ ಮೆತ್ತಗಾದವು, ಕೆಲವು ಹಲ್ಲಿಗೆ ಮರಳು ಸಿಕ್ಕಂತೆ ಹರಳುಗಟ್ಟಿದವು. ಪಕ್ಕದ ಗುಡ್ಡದ ಗುರೊ ಎಪ್ಪತ್ತಾರರ ಮುದುಕಿ, ಆಡು ಸಾಕುವುದು ಬಿಟ್ಟಿದ್ದರೂ ಕಾಫಿಗೆ ದಿನಾ ಬರುವವರು. ಅವರು ಸುಮ್ಮನಿರುತ್ತಾರೆಯೇ?

“ಏನೇ ಇದು, ಚೀಸೋ ಗಾರೆಯೋ? ಒಲೆಯಲ್ಲಿ ಬಿರುಕಿದೆಯಲ್ಲ, ಅದಕ್ಕೆ ಮೆತ್ತು.”

“ನಿನ್ನ ಹಲ್ಲು ಕಟ್ಟಿಸಿದ್ದಲ್ವಾ ಗುರೊ, ಮರಳು ಗೊತ್ತಾಗುತ್ತಾ?”

“ಹಲ್ಲು ಕಟ್ಟಿಸಿದ್ದು. ನಾಲಿಗೆ ನಂದೇ.”

ಕೆಟ್ಟ ಅಚ್ಚುಗಳನ್ನು ತೂರುನ್ ಎಸೆಯಲಿಲ್ಲ, ಸಾರಿನಲ್ಲಿ ಕರಗಿಸಲೆಂದು ಅಗ್ಗಕ್ಕೆ ಕೊಟ್ಟರು. ಕಿವಿಯನ್ನು ಕೊಪ್ಪರಿಗೆಯ ಹತ್ತಿರ ತಂದರು. ಕುದಿಯ ಸದ್ದು ಗುಳುಗುಳು ಹೋಗಿ, ದಪ್ಪ ಗುಳ್ಳೆ ಒಡೆಯುವ ಪುಸ್ ಪುಸ್‌ಗೆ ತಿರುಗುವ ಗಳಿಗೆಯನ್ನು ಗುರುತಿಟ್ಟುಕೊಂಡರು. ಮರದ ಹುಟ್ಟು ಎಳೆದ ಗೆರೆ ಮುಚ್ಚಿಕೊಳ್ಳುವವರೆಗೆ ಎಣಿಸುವುದನ್ನು ಕಲಿತರು. ತಣ್ಣನೆಯ ತಟ್ಟೆಯ ಮೇಲೆ ಹನಿ ಬಿಟ್ಟು ಬೆರಳಿನಿಂದ ತಳ್ಳಿ ನೋಡಿದರು. ಕೊನೆಗೆ, ಇಳಿಸುವ ಮುನ್ನ, ತೂಗಿದ ಒಂದೇ ಚಮಚ ಬಾಯಿಗೆ. ಅದನ್ನೂ ಬರೆಯುತ್ತಾರೆ. ಇವತ್ತು ಬೆಳಗಿನಿಂದ ನಾನು ನೋಡುತ್ತಿದ್ದೇನೆ, ಅವರ ಕೈ ಚಮಚದ ಕಡೆಗೆ ತಾನಾಗಿ ಹೋಗುತ್ತದೆ, ಅರ್ಧಕ್ಕೆ ನಿಂತು ಹುಟ್ಟಿಗೆ ಮರಳುತ್ತದೆ. ಎರಡು ಗಂಟೆಯಲ್ಲಿ ಒಂಬತ್ತು ಸಲ.

ಹನ್ನೊಂದಕ್ಕೆ ಲಾರಿ ಬಂತು. ಇಡುನ್ ಕೈ ತೊಳೆದು, ಕೊಟ್ಟಿಗೆಯ ಮೆಟ್ಟಿಲ ಮೇಲೆಯೇ ತೂರುನ್ ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡರು. ಎಂಬ್ರಿಕ್ ಟೋಪಿ ತೆಗೆಯದೆ ನೋಟ್‌ಬುಕ್ಕಿನ ಹಾಳೆ ತಿರುವುತ್ತ ನಿಂತರು. ಐವತ್ತಾರು ಬೆಳಗು. ನಲವತ್ತನಾಲ್ಕರಲ್ಲಿ ಎಂಟರೊಳಗೆ, ಉಳಿದವು ಒಂಬತ್ತರ ಆಚೀಚೆ. ಒಂದೂ ನಾಲ್ಕರ ಕೆಳಗಿಲ್ಲ. ಅವರ ಬೆರಳು ಒಂದು ಸಂಜೆಯ ಮೇಲೆ ನಿಂತಿತು.

“ಜುಲೈ ಮೂವತ್ತು. ಹದಿಮೂರು. ಏನಿದು?”

ತೂರುನ್ ಗದ್ದದಿಂದಲೇ ಹಾಳೆಯ ಅಂಚು ತೋರಿಸಿದರು. “ಪಕ್ಕದಲ್ಲಿ ಬರ್ದಿದ್ದೀನಿ, ಓದು.”

ಎಂಬ್ರಿಕ್ ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು: “ಕೊಪ್ಪರಿಗೆ ಕೆರೆದು ತಿಂದೆ. ಆರು ಚಮಚ.”

“ಅವತ್ತು ಮೊದಲ್ನೇ ಸಲ ಪಾಕ ಒಂಚೂರೂ ಕೊರೆಯಿಲ್ದೆ ಸರಿಯಾಗಿ ಬಂತು ಎಂಬ್ರಿಕ್. ಹದಿನಾರು ಅಚ್ಚು ಕೆಟ್ಟ ಮೇಲೆ. ರೇಷ್ಮೆ ಥರ ಇತ್ತು. ಕೈ ತಡೀಲಿಲ್ಲ.”

“ಇಲ್ಲಿ ನಿನ್ನನ್ನ ನೋಡೋರು ಯಾರೂ ಇರ್ಲಿಲ್ಲ. ಎರಡು ಅಂತ ಬರೀಬಹುದಿತ್ತು.”

“ಬರೀಬಹುದಿತ್ತು.”

“ಮತ್ತೆ?”

“ಹೋದ ವರ್ಷ ಬಿದ್ದಿದ್ದು ಬರೀದೇ ಇದ್ದ ಚಮಚದಿಂದಲೇ ಅಲ್ವಾ?”

ಇಡುನ್ ಪಾದ ಕೆಳಗಿಟ್ಟರು. “ಹುಣ್ಣು ಪೂರ್ತಿ ಮುಚ್ಚಿದೆ. ಹೊಸ ಚರ್ಮ, ಮಗುವಿನ ತುಟಿಯಷ್ಟು ತೆಳು. ದಿನಾ ನೋಡ್ಕೊಳ್ಳೋದು ತಪ್ಪಿಸಬೇಡ. ಅಂಕಿಗಳ ವಿಷಯ ಡಾಕ್ಟರಿಗೆ ಇವತ್ತೇ ಹೇಳ್ತೀನಿ. ನನ್ನ ಕೇಳಿದ್ರೆ, ಇವಳು ಸೆಪ್ಟೆಂಬರ್‌ವರೆಗೆ ಇಲ್ಲೇ ಇರಬಹುದು.” ಆಮೇಲೆ ಎಂಬ್ರಿಕ್ ಕಡೆ ತಿರುಗಿ, “ಆದ್ರೆ ನನ್ನ ಮಾತಲ್ಲ, ಬೇಕಾಗಿರೋದು ನಿನ್ನ ಮಾತು,” ಎಂದರು.

ಎಂಬ್ರಿಕ್ ನೋಟ್‌ಬುಕ್ ಮುಚ್ಚಲಿಲ್ಲ. ಹೆಂಡತಿಯ ಕಿವಿಯಿಂದ ಪೆನ್ಸಿಲ್ ತೆಗೆದುಕೊಂಡು, ಜುಲೈ ಮೂವತ್ತರ ಪಕ್ಕದಲ್ಲಿ ಸಣ್ಣದೊಂದು ಸರಿ ಗುರುತು ಹಾಕಿದರು. “ಭಾನುವಾರ ಬರುವಾಗ ಉಪ್ಪು ತರ್ತೀನಿ. ಇನ್ನೇನು ಬೇಕು?” ಎಂದಷ್ಟೇ ಕೇಳಿದರು. ತೂರುನ್ ಮುಖ ಆಚೆ ತಿರುಗಿಸಿ, ಸೌದೆಯ ಹೊಗೆ ಕಣ್ಣಿಗೆ ಹೋಯಿತು ಎಂದರು. ಗಾಳಿ ಮಾತ್ರ ಹೊಗೆಯನ್ನು ಅವರಿಂದ ದೂರಕ್ಕೆ ಒಯ್ಯುತ್ತಿತ್ತು.

ನಾಲ್ಕು ಗಂಟೆಗೆ ಕೊಪ್ಪರಿಗೆ ಇಳಿದಿದೆ. ಪಾಕ ತಣಿಯುವವರೆಗೆ ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಹರಳುಗಟ್ಟುತ್ತದೆ. ತೂರುನ್ ಎರಡೂ ಕೈಯಲ್ಲಿ ಹುಟ್ಟು ತಿರುವುತ್ತಿದ್ದಾರೆ. ಭುಜದ ಮೇಲೆ ಬೆವರು ಮೂಡಿದೆ. ಮುಂದಿನ ವರ್ಷ, ಅದರ ಮುಂದಿನ ವರ್ಷ, ಏನು ಆಸೆ ಎಂದು ಕೇಳಿದೆ.

“ಅಷ್ಟು ದೂರದ್ದು ಯಾಕೆ?” ಎಂದು ಅವರು ತಲೆಯೆತ್ತದೆ ನಗುತ್ತಾರೆ. “ನಾಳೆ ಬೆಳಿಗ್ಗೆ ಅಂಕಿ ಏಳೋ ಏಳೂವರೆಯೋ ಬಂದ್ರೆ ಸಾಕು. ನಾಳಿದ್ದಿನ ಹಾಲನ್ನ ಆಡೂ ಇವತ್ತೇ ಕೊಡಲ್ಲ.”